ಜಾಹೀರಾತು ಬಾಯಿಬಿಟ್ಟು ಹೇಳದ ಮಾತು

ಫಲಿತಾಂಶ ಬಂದ ಮರುದಿನ ಪತ್ರಿಕೆಯ ಮೊದಲ ಪುಟದಲ್ಲಿ ಸುದ್ದಿ ಇರುವುದಿಲ್ಲ. ಪಿಯುಸಿ ಇರಲಿ, ಸಿಇಟಿ, ನೀಟ್, ಯುಪಿಎಸ್‌ಸಿ ಇರಲಿ, ಮೊದಲು ಕಣ್ಣಿಗೆ ಬೀಳುವುದು ಕೋಚಿಂಗ್ ಸಂಸ್ಥೆಗಳ ಜಾಹೀರಾತೇ. ಸ್ಟಾಂಪ್ ಸೈಜಿನ ಹತ್ತಾರು ಫೋಟೊ, ಪ್ರತಿ ಫೋಟೊದ ಕೆಳಗೆ ರ‍್ಯಾಂಕ್, ನೆತ್ತಿಯ ಮೇಲೆ ಸಂಸ್ಥೆಯ ಹೆಸರು, ಬುಡದಲ್ಲಿ ‘ಪ್ರವೇಶ ಆರಂಭ’ ಎಂಬ ಪಟ್ಟಿ ಮತ್ತು ಫೋನ್ ನಂಬರು. ಇಂಥ ಪುಟವನ್ನು ಒಮ್ಮೆ ವ್ಯಾಕರಣದ ಮೇಷ್ಟ್ರಂತೆ ಓದಿ ನೋಡಿ. ಎಷ್ಟೋ ಸಲ ಆ ಫೋಟೊಗಳ ಸುತ್ತಮುತ್ತ ಒಂದು ಕ್ರಿಯಾಪದವೂ ಸಿಗುವುದಿಲ್ಲ. ‘ಈ ಹುಡುಗಿ ನಮ್ಮಲ್ಲಿ ಓದಿದಳು’ ಎಂದು ಬರೆದಿರುವುದಿಲ್ಲ. ‘ನಾವು ಕಲಿಸಿದ್ದಕ್ಕೇ ಅವಳಿಗೆ ರ‍್ಯಾಂಕ್ ಬಂತು’ ಎಂದಂತೂ ಇರುವುದೇ ಇಲ್ಲ. ಇರುವುದು ಒಂದು ಮುಖ, ಒಂದು ಸಂಖ್ಯೆ, ಒಂದು ಹೆಸರು. ಮೂರನ್ನೂ ಕೂಡಿಸಿ ವಾಕ್ಯ ಮಾಡಿಕೊಳ್ಳುವವರು ಮನೆಯಲ್ಲಿ ಪೇಪರ್ ಹಿಡಿದು ಕುಳಿತ ಅಪ್ಪ ಅಮ್ಮ.

ಆ ವಾಕ್ಯ ಎಷ್ಟು ಪೊಳ್ಳಾಗಿರಬಹುದು ಎಂಬುದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಯುಪಿಎಸ್‌ಸಿ ತರಬೇತಿ ಸಂಸ್ಥೆಗಳ ಜಾಹೀರಾತುಗಳ ಬೆನ್ನು ಹತ್ತಿದಾಗ ಬಯಲಾಯಿತು. ಫೋಟೊ ಹಾಕಿಸಿಕೊಂಡಿದ್ದ ಯಶಸ್ವಿಗಳಲ್ಲಿ ಅನೇಕರು ಆ ಸಂಸ್ಥೆಯಿಂದ ಪಡೆದದ್ದು ಸಂದರ್ಶನಕ್ಕೆ ಸಂಬಂಧಿಸಿದ ಮಾರ್ಗದರ್ಶನ ಮಾತ್ರ. ಎಷ್ಟೋ ಕಡೆ ಅದೂ ಪುಕ್ಕಟೆ. ಪ್ರಿಲಿಮ್ಸ್, ಮೇನ್ಸ್ ಎರಡನ್ನೂ ದಾಟಿ ಬಂದವರನ್ನು ಕೊನೆಯ ಮೆಟ್ಟಿಲಲ್ಲಿ ಕೂರಿಸಿ ನಾಲ್ಕು ಅಣಕು ಪ್ರಶ್ನೆ ಕೇಳಿ ಕಳಿಸಿದ್ದಷ್ಟೇ. ಯುಪಿಎಸ್‌ಸಿಯ ಒಟ್ಟು 2025 ಅಂಕಗಳಲ್ಲಿ ಸಂದರ್ಶನದ ಪಾಲು 275. ಜಾಹೀರಾತು ಮಾರುತ್ತಿದ್ದದ್ದಾದರೋ ದೀರ್ಘಾವಧಿಯ, ಲಕ್ಷಾಂತರ ರೂಪಾಯಿಯ ಫೌಂಡೇಶನ್ ಕೋರ್ಸು. ಒಂದೇ ಮುಖ ಎರಡು ಮೂರು ಸಂಸ್ಥೆಗಳ ಪುಟದಲ್ಲಿ ನಗುವುದರ ಗುಟ್ಟೂ ಇದೇ. ಹಲವು ಸಂಸ್ಥೆಗಳಿಗೆ ದಂಡ ಬಿದ್ದ ಮೇಲೆ, 2024ರ ನವೆಂಬರಿನಲ್ಲಿ ಪ್ರಾಧಿಕಾರ ಕೋಚಿಂಗ್ ವಲಯಕ್ಕೇ ಪ್ರತ್ಯೇಕ ಮಾರ್ಗಸೂಚಿ ತಂದಿತು. ಫೋಟೊ ಹಾಕುವುದಾದರೆ ಆ ಅಭ್ಯರ್ಥಿ ಯಾವ ಕೋರ್ಸು ಮಾಡಿದ್ದ, ಎಷ್ಟು ಕಾಲ, ದುಡ್ಡು ಕೊಟ್ಟೋ ಉಚಿತವೋ ಎಂಬುದನ್ನೂ ಹಾಕಬೇಕು. ಅದೂ ಉಳಿದ ವಿವರಗಳಷ್ಟೇ ದಪ್ಪ ಅಕ್ಷರದಲ್ಲಿ. ಆಯ್ಕೆಯಾದ ಮೇಲೆ ಅಭ್ಯರ್ಥಿಯಿಂದ ಲಿಖಿತ ಒಪ್ಪಿಗೆ ಪಡೆದಿರಬೇಕು. ಅಂದರೆ, ಜಾಹೀರಾತು ನುಂಗಿಕೊಂಡಿದ್ದ ಕ್ರಿಯಾಪದವನ್ನು ಹೊರಗೆ ಕಕ್ಕಿಸುವುದಕ್ಕೆ ಸರ್ಕಾರ ಒಂದು ನಿಯಮವನ್ನೇ ಬರೆಯಬೇಕಾಯಿತು.

ಮನವೊಲಿಸುವ ಕಲೆಯ ಬಗ್ಗೆ ಮಾತೆತ್ತಿದಾಗ ‘ಜಾಹೀರಾತುಗಳು ಸುಳ್ಳು ಹೇಳುತ್ತವೆ’ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಹಸಿ ಸುಳ್ಳು ಹೇಳುವವನು ಕಸುಬು ಅರಿಯದವನು, ಸಿಕ್ಕಿಬೀಳುತ್ತಾನೆ. ಪಳಗಿದವನು ನಿಜವನ್ನೇ ಹೇಳಿ, ಮುಖ್ಯವಾದ ಒಂದು ಮಾತನ್ನು ಮಾತ್ರ ಬಾಯಿಬಿಟ್ಟು ಹೇಳದೆ ಬಿಡುತ್ತಾನೆ. ಅದನ್ನು ನಾವೇ ಹೇಳಿಕೊಳ್ಳುತ್ತೇವೆ. ಬೇರೆಯವರು ಹೇಳಿದ್ದನ್ನು ಅನುಮಾನಿಸುವ ನಾವು, ನಾವೇ ಹೇಳಿಕೊಂಡದ್ದನ್ನು ಅನುಮಾನಿಸುವುದಿಲ್ಲ.

ಇದನ್ನು ಮೊದಲು ಕಂಡವರು ಮಾರ್ಕೆಟಿಂಗ್ ಪಂಡಿತರೇನಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲ್ ಭಾಷಣಕಲೆಯ ಮೇಲೆ ಬರೆದ ಗ್ರಂಥದಲ್ಲಿ ಮನವೊಲಿಸುವ ದಾರಿ ಮೂರು ಎಂದ: ಹೇಳುವವನ ಮೇಲಿನ ನಂಬಿಕೆ, ಕೇಳುವವನ ಭಾವನೆ, ಹೇಳಿದ ಮಾತಿನ ತರ್ಕ. ಈಥೋಸ್, ಪೇಥೋಸ್, ಲೋಗೋಸ್ ಎಂದು ಎಂಬಿಎ ತರಗತಿಗಳಲ್ಲಿ ಬಾಯಿಪಾಠ ಮಾಡಿಸುವುದು ಇವನ್ನೇ. ಅದೇ ಪುಸ್ತಕದ ಇನ್ನೊಂದು ಮಾತಿಗೆ ಅಷ್ಟು ಪ್ರಚಾರ ಸಿಗಲಿಲ್ಲ. ಸಭೆಯಲ್ಲಿ ಮಾತಾಡುವವನು ತರ್ಕದ ಎಲ್ಲ ಮೆಟ್ಟಿಲನ್ನೂ ಹತ್ತಿ ತೋರಿಸಬೇಕಿಲ್ಲ, ಕೇಳುವವರಿಗೆ ಗೊತ್ತಿರುವುದನ್ನು ಅವರೇ ತುಂಬಿಕೊಳ್ಳಲಿ ಎಂದು ಬಿಡಬಹುದು ಎನ್ನುತ್ತಾನೆ ಅವನು. ಡೋರಿಯಸ್ ಎಂಬ ಕ್ರೀಡಾಪಟು ಕಿರೀಟ ತೊಟ್ಟ ಎಂದು ಸಾಧಿಸಬೇಕಾದರೆ ‘ಅವನು ಒಲಿಂಪಿಕ್ಸಿನಲ್ಲಿ ಗೆದ್ದ’ ಎಂದರೆ ಸಾಕು; ಒಲಿಂಪಿಕ್ಸಿನ ಬಹುಮಾನ ಕಿರೀಟ ಎಂಬುದು ಊರಿಗೇ ಗೊತ್ತು, ಹೇಳುವ ಅಗತ್ಯವಿಲ್ಲ. ಕೋಚಿಂಗ್ ಜಾಹೀರಾತಿನ ಇಡೀ ಬಂಡವಾಳ ಈ ಡೋರಿಯಸ್‌ನ ಉದಾಹರಣೆಯೊಳಗಿದೆ. ಒಂದೇ ವ್ಯತ್ಯಾಸವೆಂದರೆ, ಡೋರಿಯಸ್‌ನ ಕತೆಯಲ್ಲಿ ಜನ ತುಂಬಿಕೊಂಡದ್ದು ನಿಜ.

ನಮ್ಮ ಕಡೆಯವರು ಇದನ್ನು ಇನ್ನೂ ಆಳಕ್ಕೆ ಕೊಂಡೊಯ್ದರು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ಕಾವ್ಯದ ಜೀವ ಇರುವುದು ನೇರ ಅರ್ಥದಲ್ಲಲ್ಲ, ಅದರಾಚೆಗೆ ಹೊಳೆಯುವ ಧ್ವನಿಯಲ್ಲಿ ಎಂದ. ಕನ್ನಡ ಎಂ.ಎ. ಮಾಡಿದ ಯಾರನ್ನೇ ಕೇಳಿ, ಅವನ ‘ಧ್ವನ್ಯಾಲೋಕ’ದ ಒಂದು ಉದಾಹರಣೆ ಅವರಿಗೆ ನೆನಪಿರುತ್ತದೆ. ಪ್ರಿಯಕರನನ್ನು ಗುಟ್ಟಾಗಿ ಕಾಣುವ ಜಾಗಕ್ಕೆ ಒಬ್ಬ ಧರ್ಮಿಷ್ಠ ಬಂದು ಬಂದು ತೊಂದರೆ ಕೊಡುತ್ತಿದ್ದಾನೆ. ಹೆಣ್ಣು ಅವನಿಗೆ ಹೇಳುತ್ತಾಳೆ: ಇನ್ನು ಆರಾಮಾಗಿ ಓಡಾಡಿ ಸ್ವಾಮಿ, ನಿಮ್ಮನ್ನು ಹೆದರಿಸುತ್ತಿದ್ದ ಆ ನಾಯಿಯನ್ನು ನದಿ ದಂಡೆಯ ಸಿಂಹ ಕೊಂದುಹಾಕಿತು. ಬಾಯಲ್ಲಿ ಬಂದದ್ದು ‘ಬನ್ನಿ’. ಕಿವಿಗೆ ಬಿದ್ದದ್ದು ‘ಈ ಕಡೆ ತಲೆ ಹಾಕಬೇಡಿ’. ಅವಳ ಮೇಲೆ ದೂರು ಕೊಡುವುದು ಹೇಗೆ? ಅವಳು ಬೇಡ ಎಂದೇ ಇಲ್ಲವಲ್ಲ.

ಕಾನೂನಿನ ಕಷ್ಟವೂ ಇಲ್ಲಿಯೇ. ಕಾನೂನಿನ ಕೈಗೆ ಸುಲಭವಾಗಿ ಸಿಗುವುದು ವಾಚ್ಯಾರ್ಥ, ಅಂದರೆ ಬಾಯಿಬಿಟ್ಟು ಹೇಳಿದ ಅರ್ಥ. ಜಾಹೀರಾತಿನ ವ್ಯಾಪಾರ ನಡೆಯುವುದು ವ್ಯಂಗ್ಯಾರ್ಥದಲ್ಲಿ, ಅಂದರೆ ಅದರಾಚೆಗಿನ ಧ್ವನಿಯಲ್ಲಿ. ಈ ಅಂತರಕ್ಕೆ ಮದ್ಯದ ಜಾಹೀರಾತಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಕೇಬಲ್ ಟಿವಿ ನಿಯಮಗಳಿಗೆ 2000ದಲ್ಲಿ ತಿದ್ದುಪಡಿಯಾಗಿ ಮದ್ಯ, ತಂಬಾಕಿನ ಜಾಹೀರಾತು ತೆರೆಯಿಂದ ಇಳಿಯಿತು. 2003ರಲ್ಲಿ ತಂಬಾಕಿಗೆಂದೇ ಬೇರೆ ಕಾಯ್ದೆ ಬಂತು. ಆಮೇಲೆ ಏನಾಯಿತು? ವಿಸ್ಕಿ ಕಂಪನಿಗಳಿಗೆಲ್ಲ ಇದ್ದಕ್ಕಿದ್ದಂತೆ ಸಂಗೀತದ ಸಿ.ಡಿ., ಸೋಡಾ, ಕುಡಿಯುವ ನೀರಿನ ಮೇಲೆ ಪ್ರೀತಿ ಉಕ್ಕಿತು. ಗುಟ್ಕಾದ ಹೆಸರು ಹೊತ್ತ ಏಲಕ್ಕಿ ಬಂತು. ದೊಡ್ಡ ದೊಡ್ಡ ನಟರು ಒಂದು ಚಿಟಿಕೆ ಏಲಕ್ಕಿಗಾಗಿ ಹೆಲಿಕಾಪ್ಟರ್ ಇಳಿಯುವಂಥ ಗತ್ತಿನಲ್ಲಿ ಬಂದಾಗ, ಏಲಕ್ಕಿ ಬೆಳೆಯುವ ಮಲೆನಾಡಿನವರಿಗೆ ನಗು ಬಂದಿರಬೇಕು. 2022ರಲ್ಲಿ ಅಭಿಮಾನಿಗಳು ತಿರುಗಿಬಿದ್ದ ಮೇಲೆ ಅಕ್ಷಯ್ ಕುಮಾರ್ ಕ್ಷಮೆ ಕೇಳಿ ಇಂಥ ಪ್ರಚಾರದಿಂದ ಹಿಂದೆ ಸರಿದರು. ಏಲಕ್ಕಿ ಪ್ರಚಾರ ಮಾಡಿದ್ದಕ್ಕೆ ಯಾರಾದರೂ ಕ್ಷಮೆ ಕೇಳುತ್ತಾರೆಯೇ? ಆ ಕ್ಷಮೆಯಲ್ಲೇ ಎಲ್ಲವೂ ಇತ್ತು. ಅದೇ ವರ್ಷ ಜೂನ್‌ನಲ್ಲಿ ಬಂದ ದಾರಿ ತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿ ಇಂಥ ಬದಲಿ ಜಾಹೀರಾತುಗಳನ್ನು ಹೆಸರಿಟ್ಟು ನಿಷೇಧಿಸಿತು.

ಹಾಗಿದ್ದೂ ಒಂದು ಹೆಸರು ನಮ್ಮ ನಾಲಿಗೆಯ ಮೇಲೇ ಉಳಿದಿದೆ. 2008ರಲ್ಲಿ ಐಪಿಎಲ್ ಶುರುವಾದಾಗ ಬೆಂಗಳೂರು ತಂಡವನ್ನು ಕೊಂಡ ವಿಜಯ್ ಮಲ್ಯ ಅದಕ್ಕೆ ಇಟ್ಟದ್ದು ತಮ್ಮ ಕಂಪನಿಯ ರಾಯಲ್ ಚಾಲೆಂಜ್ ವಿಸ್ಕಿಯ ಹೆಸರು. ಅಲ್ಲಿಂದೀಚೆಗೆ ಆ ಹೆಸರನ್ನು ಕೂಗಿದವರಲ್ಲಿ ಒಂದು ಹನಿ ಮದ್ಯ ಮುಟ್ಟದವರಿದ್ದಾರೆ, ಮಕ್ಕಳಿದ್ದಾರೆ, ಏಕಾದಶಿ ಉಪವಾಸದ ಅಜ್ಜಿಯರಿದ್ದಾರೆ. 2024ರಲ್ಲಿ ತಂಡದ ಹೆಸರಿನಿಂದ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂದದ್ದಕ್ಕೆ ಕನ್ನಡಿಗರೆಲ್ಲ ಖುಷಿಪಟ್ಟೆವು; ಮೊದಲೆರಡು ಪದಗಳ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ. ತಮಾಷೆಯೆಂದರೆ ಆ ತಂಡದ ಅತ್ಯಂತ ಗಟ್ಟಿ ಘೋಷಣೆ ‘ಈ ಸಲ ಕಪ್ ನಮ್ದೇ’ ಯಾವ ಏಜೆನ್ಸಿಯ ಬೋರ್ಡ್‌ರೂಮಿನಲ್ಲೂ ಹುಟ್ಟಿದಂತೆ ಕಾಣದು. ಸೋತಾಗೆಲ್ಲ ನಗೆಪಾಟಲಾಗಿ, ಮುಂದಿನ ವರ್ಷ ಮತ್ತೆ ಎದ್ದು, 2025ರಲ್ಲಿ ನಿಜವಾಯಿತು. ಅದರಲ್ಲಿ ತರ್ಕವೂ ಇಲ್ಲ, ಪುರಾವೆಯೂ ಇಲ್ಲ. ‘ನಮ್ದೇ’ ಎಂಬ ಒಂದು ಪದದ ಮೇಲೆ ಇಡೀ ಘೋಷಣೆ ನಿಂತಿತ್ತು. ಆ ‘ನಾವು’ ಯಾರು ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ನಂಬಿಕೆಯ ಮಾತಿಗೆ ಬರೋಣ. ಅರಿಸ್ಟಾಟಲ್ ಹೇಳುವ ನಂಬಿಕೆ ಮಾತಿನಿಂದಲೇ ಹುಟ್ಟಬೇಕಾದದ್ದು, ಮಾತಾಡುವವನಿಗೆ ಮೊದಲೇ ಇದ್ದ ಹೆಸರಿನಿಂದಲ್ಲ. ಇಂದಿನ ಬ್ರಾಂಡ್ ರಾಯಭಾರಿಗಳ ಜಗತ್ತು ಇದಕ್ಕೆ ಪೂರ್ತಿ ತಿರುಗುಮುರುಗು: ಅಲ್ಲಿ ನಂಬಿಕೆಯನ್ನು ಬಾಡಿಗೆಗೆ ತರುತ್ತಾರೆ. ಅರಿಸ್ಟಾಟಲ್ ಬಯಸಿದಂಥ ನಂಬಿಕೆಯನ್ನು ಕಟ್ಟಿದ ಜಾಹೀರಾತನ್ನು ಕಾಣಬೇಕಾದರೆ ಎಂಬತ್ತರ ದಶಕದ ದೂರದರ್ಶನಕ್ಕೆ ಹೋಗಬೇಕು. ಕರ್ಸನ್‌ಭಾಯಿ ಪಟೇಲ್ ಅಹಮದಾಬಾದಿನಲ್ಲಿ 1969ರಲ್ಲಿ ಶುರುಮಾಡಿದ ನಿರ್ಮಾ ಬಟ್ಟೆ ಒಗೆಯುವ ಪುಡಿ ಅಗ್ಗದ ಬೆಲೆಯಲ್ಲಿ ಮನೆ ಮನೆ ಹೊಕ್ಕು ಸರ್ಫ್‌ನ ಬುಡ ಅಲ್ಲಾಡಿಸಿತ್ತು. ಬೆಲೆಯಲ್ಲಿ ಸೆಣಸಲಾಗದ ಸರ್ಫ್ ಕಳಿಸಿದ್ದು ಲಲಿತಾಜಿಯನ್ನು. ಲಿಂಟಾಸ್ ಜಾಹೀರಾತು ಸಂಸ್ಥೆಯ ಅಲೀಕ್ ಪದಮ್ಸೀ ಕಡೆದ, ಕವಿತಾ ಚೌಧರಿ ನಟಿಸಿದ ಈ ಗೃಹಿಣಿ ಸಿನಿಮಾ ತಾರೆಯಲ್ಲ, ವಿಜ್ಞಾನಿಯಲ್ಲ. ಬಿಳಿ ಸೀರೆ, ಹಣೆಗೆ ಕುಂಕುಮ, ತರಕಾರಿಯವನ ಹತ್ತಿರ ಚೌಕಾಸಿ. ನೋಡನೋಡುತ್ತ ‘ಇವಳನ್ನು ಯಾರೂ ಯಾಮಾರಿಸಲಾರರು’ ಎಂದು ನಮಗೇ ಅನ್ನಿಸಿಬಿಡುತ್ತಿತ್ತು. ಅರ್ಧ ಕಿಲೋ ಸರ್ಫ್ ಒಂದು ಕಿಲೋ ಅಗ್ಗದ ಪುಡಿಗೆ ಸಮ ಎಂದು ಅವಳು ಲೆಕ್ಕ ಒಪ್ಪಿಸುವ ಹೊತ್ತಿಗೆ ಆ ಲೆಕ್ಕವನ್ನು ಪರೀಕ್ಷಿಸುವ ಮನಸ್ಸು ನಮಗೆ ಉಳಿದಿರುತ್ತಿರಲಿಲ್ಲ. ನಿರ್ಮಾದ ಹೆಸರನ್ನು ಎತ್ತಲೇ ಇಲ್ಲ. ಅಗ್ಗದ್ದು ಯಾವುದೆಂದು ಆಗ ಎಲ್ಲರಿಗೂ ಗೊತ್ತಿತ್ತು.

ಹನ್ನೊಂದನೆಯ ಶತಮಾನದ ಕಾವ್ಯಮೀಮಾಂಸಕ ಮಮ್ಮಟ ಬುದ್ಧಿ ಹೇಳುವ ಬಗೆಯನ್ನು ಮೂರಾಗಿ ವಿಂಗಡಿಸಿದ್ದ: ಒಡೆಯನಂತೆ ಆಜ್ಞಾಪಿಸುವುದು, ಗೆಳೆಯನಂತೆ ತಿಳಿಹೇಳುವುದು, ಕಾಂತೆಯಂತೆ ಒಲಿಸುವುದು. ಸಿಗರೇಟು ಪ್ಯಾಕಿನ ಶೇ 85ರಷ್ಟು ಜಾಗ ತುಂಬುವ ಕ್ಯಾನ್ಸರಿನ ಸಚಿತ್ರ ಎಚ್ಚರಿಕೆ ಮೊದಲನೆಯದು. ಲಲಿತಾಜಿ ಎರಡನೆಯದು. ಹಬ್ಬಕ್ಕೆ ಬರುವ ಒಡವೆ ಅಂಗಡಿಗಳ ಜಾಹೀರಾತು, ಮಗಳನ್ನು ಗಂಡನ ಮನೆಗೆ ಕಳಿಸುವ ಅಪ್ಪನ ಒದ್ದೆ ಕಣ್ಣು, ಇವೆಲ್ಲ ಮೂರನೆಯದು. ಗ್ರಾಂಗೆ ಎಷ್ಟು, ಮೇಕಿಂಗ್ ಚಾರ್ಜು ಎಷ್ಟು ಎಂಬ ಮಾತು ಆ ಕಣ್ಣೀರಿನಲ್ಲಿ ಎಲ್ಲೋ ತೇಲಿಹೋಗಿರುತ್ತದೆ.

ಬಾಡಿಗೆಗೆ ಸಿಗದ ನಂಬಿಕೆಯೂ ಇದೆ. ಜಾಹೀರಾತುಗಳಿಂದ ದೂರವೇ ಉಳಿದಿದ್ದ ಡಾ. ರಾಜಕುಮಾರ್ ನಂದಿನಿ ಹಾಲಿಗಾಗಿ ಸಂಭಾವನೆಯಿಲ್ಲದೆ ನಿಂತರು. ಪುನೀತ್ ಅದನ್ನು ಮುಂದುವರಿಸಿದರು. ಅವರು ದುಡ್ಡು ತೆಗೆದುಕೊಂಡಿಲ್ಲ ಎಂಬುದು ಜಾಹೀರಾತಿನಲ್ಲಿ ಇರಲಿಲ್ಲ, ಜನರ ಬಾಯಲ್ಲಿತ್ತು. ಜಾಹೀರಾತಿಗೆ ಬಲ ಕೊಟ್ಟದ್ದೂ ಅದೇ. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ರಾಯಭಾರಿಯಾಗಿ ಗೊತ್ತುಮಾಡಿದಾಗ ಎದ್ದ ಗಲಾಟೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಕನ್ನಡದ ನಟಿಯರಿರಲಿಲ್ಲವೇ ಎಂದು ಒಂದು ಕಡೆಯವರು ಕೇಳಿದರು. ಕರ್ನಾಟಕದ ಆಚೆಗಿನ ಮಾರುಕಟ್ಟೆಗಾಗಿ ಈ ಆಯ್ಕೆ ಎಂದು ಸಚಿವ ಎಂ.ಬಿ. ಪಾಟೀಲರು ಉತ್ತರಿಸಿದರು. ವ್ಯಾಪಾರದ ದೃಷ್ಟಿಯಿಂದ ಸಚಿವರ ಉತ್ತರ ಸರಿಯಾಗಿಯೇ ಇತ್ತು. ಆದರೆ ಜನ ಕೇಳಿದ್ದು ವ್ಯಾಪಾರದ ಪ್ರಶ್ನೆಯನ್ನಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಸೋಪನ್ನು ನಮ್ಮದು ಎಂದುಕೊಂಡವರಿಗೆ, ಅದನ್ನು ನಂಬುವುದಕ್ಕೆ ಯಾರ ಮುಖವೂ ಬೇಕಿರಲಿಲ್ಲ. ಒಳಗಿನವರಿಗೆ ಒಂದು ನಂಬಿಕೆ, ಹೊರಗಿನವರಿಗೆ ಇನ್ನೊಂದು. ಒಂದೇ ಜಾಹೀರಾತು ಎರಡಕ್ಕೂ ಮಾತಾಡಲು ಹೋದಾಗ ಹೀಗಾಗುತ್ತದೆ.

ಬಿಳಿ ಕೋಟು ತೊಟ್ಟು ಟೂತ್‌ಪೇಸ್ಟ್ ಹಿಡಿದು ನಿಲ್ಲುವವರ ಬಗ್ಗೆ ಒಂದೇ ಮಾತು: ಬಿಳಿ ಕೋಟು ಯಾವ ಅಂಗಡಿಯಲ್ಲೂ ಸಿಗುತ್ತದೆ.

ಭಾವನೆಯ ದಾರಿಯಲ್ಲಿ ಅತ್ಯಂತ ಸುಲಭವಾದದ್ದು ಹೆದರಿಸುವುದು. ಎಲ್ಲ ಹೆದರಿಕೆಯೂ ಕ್ರಿಮಿ, ಕ್ಯಾನ್ಸರಿನದಲ್ಲ; ನಮ್ಮಲ್ಲಿ ದುಬಾರಿಯಾಗಿ ಬಿಕರಿಯಾದ ಹೆದರಿಕೆ ‘ನಾಲ್ಕು ಜನ ಏನಂದಾರು’ ಎಂಬುದು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿಯ ಒಂದು ಜಾಹೀರಾತನ್ನು ಬಿಡಿಸಿ ನೋಡೋಣ. ನಿವೃತ್ತ ಅಪ್ಪ, ಕೈಯಲ್ಲಿ ಕಾಸಿಲ್ಲ. ಮಗನಿದ್ದಿದ್ದರೆ ಎಂದು ಹಲುಬುತ್ತಾನೆ. ಕಪ್ಪು ಬಣ್ಣದ ಮಗಳಿಗೆ ಅದು ಕೇಳಿಸುತ್ತದೆ. ಕ್ರೀಮು ಹಚ್ಚುತ್ತಾಳೆ, ಬೆಳ್ಳಗಾಗುತ್ತಾಳೆ, ಗಗನಸಖಿಯಾಗುತ್ತಾಳೆ, ಅಪ್ಪ ಅಮ್ಮನನ್ನು ಐಷಾರಾಮಿ ಹೋಟೆಲಿಗೆ ಕರೆದೊಯ್ಯುತ್ತಾಳೆ. ಅರ್ಧ ನಿಮಿಷದ ಆಸುಪಾಸಿನ ಈ ಕತೆಯಲ್ಲಿ ‘ಕಪ್ಪಗಿದ್ದರೆ ಕೆಲಸ ಸಿಗುವುದಿಲ್ಲ’ ಎಂದು ಯಾರೂ ಹೇಳುವುದಿಲ್ಲ. ‘ಹೆಣ್ಣುಮಕ್ಕಳು ಗಂಡುಮಕ್ಕಳಿಗೆ ಸಮವಲ್ಲ’ ಎಂದೂ ಹೇಳುವುದಿಲ್ಲ. ಕೊನೆಯಲ್ಲಿ ಮಗಳೇ ಗೆಲ್ಲುತ್ತಾಳೆ, ಇದು ಸ್ತ್ರೀಪರ ಕತೆ ಎಂದು ವಾದಿಸಲೂಬಹುದು! ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಪಟ್ಟು ಹಿಡಿದು ಹೋರಾಡಿದ ಮೇಲೆ 2003ರಲ್ಲಿ ಆ ಜಾಹೀರಾತು ತೆರೆಯಿಂದ ಇಳಿಯಿತು. ಕಪ್ಪು ಬಣ್ಣದವರನ್ನು ಕೀಳಾಗಿ, ಕೊರಗುವವರಾಗಿ ತೋರಿಸಬಾರದು ಎಂದು ಜಾಹೀರಾತು ಮಾನದಂಡ ಮಂಡಳಿ ನಿಯಮ ಮಾಡಿದ್ದು 2014ರಲ್ಲಿ. ‘ಫೇರ್’ ಹೋಗಿ ‘ಗ್ಲೋ’ ಬಂದದ್ದು 2020ರಲ್ಲಿ. ಹೆಸರು ಬದಲಾದರೂ ಅದನ್ನು ಕೊಳ್ಳುವವರು ಯಾವುದಕ್ಕಾಗಿ ಕೊಳ್ಳುತ್ತಾರೆಂಬುದು ಅಂಗಡಿಯವನಿಗೂ ಗೊತ್ತು.

ಇಲ್ಲಿ ಕಂಪನಿಯೊಂದನ್ನೇ ದೂರಿ ಕೈ ತೊಳೆದುಕೊಳ್ಳುವಂತಿಲ್ಲ. ಜಾಹೀರಾತು ಬಿಟ್ಟ ಜಾಗವನ್ನು ತುಂಬಲು ಬೇಕಾದ ಸರಕು ನಮ್ಮ ಮನೆಯಲ್ಲೇ ಇತ್ತು. ಅದೇ ಪತ್ರಿಕೆಯ ಭಾನುವಾರದ ವಧೂವರರ ಕಾಲಂನಲ್ಲಿ ‘ಬೆಳ್ಳಗಿನ, ತೆಳ್ಳಗಿನ’ ಎಂದು ಹಣ ಕೊಟ್ಟು ಅಚ್ಚು ಹಾಕಿಸಿದವರು ಯಾವ ಕಂಪನಿಯವರೂ ಅಲ್ಲ. ಮಗು ಹುಟ್ಟಿದ ಸುದ್ದಿ ಕೇಳಿದೊಡನೆ ‘ಬಣ್ಣ ಹೇಗಿದೆ?’ ಎನ್ನುವ ದೊಡ್ಡಮ್ಮನಿಗೆ ಯಾರೂ ಸಂಬಳ ಕೊಡುತ್ತಿಲ್ಲ. ಬೇರೆ ದೇಶದಲ್ಲಿ ಈ ಜಾಹೀರಾತನ್ನು ಹಾಗೇ ಹಾಕಿದ್ದರೆ ಜನ ‘ಮುಖ ಬೆಳ್ಳಗಾದ್ದಕ್ಕೂ ಕೆಲಸಕ್ಕೂ ಏನು ಸಂಬಂಧ’ ಎಂದು ಕಣ್ಣು ಕಣ್ಣು ಬಿಡುತ್ತಿದ್ದರು. ನಮಗೆ ಸಂಬಂಧ ತಕ್ಷಣ ಹೊಳೆಯಿತು. ಆ ಹೊಳಹಿನ ಮೇಲೇ ಅವರ ವ್ಯಾಪಾರ ನಿಂತಿತ್ತು.

ಗಂಡಸರೂ ಇದಕ್ಕೆ ಹೊರತಲ್ಲ. ದೆಹಲಿಯ ಗ್ರಾಹಕರೊಬ್ಬರು 2013ರಲ್ಲಿ 79 ರೂಪಾಯಿ ಕೊಟ್ಟು ಇಮಾಮಿಯ ಫೇರ್ ಅಂಡ್ ಹ್ಯಾಂಡ್‌ಸಮ್ ಕೊಂಡರು, ಬೆಳ್ಳಗಾಗಲಿಲ್ಲ, ಗ್ರಾಹಕ ವೇದಿಕೆಗೆ ಹೋದರು. ನಗಬೇಡಿ. ಆ ಪ್ರಕರಣ ಮೇಲೆ ಕೆಳಗೆ ಓಡಾಡಿದ ಬಳಿಕ 2024ರ ಡಿಸೆಂಬರಿನಲ್ಲಿ ದೆಹಲಿಯ ಜಿಲ್ಲಾ ವೇದಿಕೆ ಕಂಪನಿಗೆ 14.5 ಲಕ್ಷ ರೂಪಾಯಿ ದಂಡನಾ ಪರಿಹಾರ ವಿಧಿಸಿತು. ಕಂಪನಿಯ ವಾದ ಸ್ವಾರಸ್ಯವಾಗಿದೆ: ಕ್ರೀಮು ಕೆಲಸ ಮಾಡಬೇಕಾದರೆ ಪೌಷ್ಟಿಕ ಆಹಾರ, ವ್ಯಾಯಾಮ, ಒಳ್ಳೆಯ ಅಭ್ಯಾಸಗಳೂ ಬೇಕಂತೆ. ಅದನ್ನು ಡಬ್ಬಿಯ ಮೇಲೆ ಏಕೆ ಹೇಳಲಿಲ್ಲ ಎಂಬುದೇ ವೇದಿಕೆಯ ಪ್ರಶ್ನೆಯಾಯಿತು. ಹೇಳದೆ ಬಿಟ್ಟ ಮಾತು ಕಂಪನಿಗೇ ತಿರುಗಿ ಹೊಡೆದ ಅಪರೂಪದ ಪ್ರಕರಣ ಇದು.

ಅಂಕಿಸಂಖ್ಯೆ ಕಂಡರೆ ನಮಗೆ ಇನ್ನಿಲ್ಲದ ಗೌರವ. ಭಾವನೆಗೆ ಬೀಳದವರೂ ಶೇಕಡಾವಾರಿಗೆ ಬೀಳುತ್ತಾರೆ. ಶೇ 80ಕ್ಕೂ ಹೆಚ್ಚು ದಂತವೈದ್ಯರು ಕೋಲ್ಗೇಟ್ ಶಿಫಾರಸು ಮಾಡುತ್ತಾರೆ ಎಂಬ ಪ್ರಚಾರವನ್ನು ಬ್ರಿಟನ್ನಿನ ಜಾಹೀರಾತು ಪ್ರಾಧಿಕಾರ 2007ರಲ್ಲಿ ನಿಲ್ಲಿಸಿತು. ಸಂಖ್ಯೆ ಸುಳ್ಳಾಗಿತ್ತೇ? ಇಲ್ಲ. ಸಮೀಕ್ಷೆಯಲ್ಲಿ ವೈದ್ಯರು ಒಂದಕ್ಕಿಂತ ಹೆಚ್ಚು ಬ್ರಾಂಡುಗಳನ್ನು ಹೆಸರಿಸಲು ಅವಕಾಶವಿತ್ತು. ಇನ್ನೊಂದು ಕಂಪನಿಯ ಪೇಸ್ಟಿಗೂ ಹೆಚ್ಚುಕಡಿಮೆ ಅಷ್ಟೇ ಮತ ಬಿದ್ದಿತ್ತು. ‘ಶೇ 80’ ಎಂದೊಡನೆ ‘ಉಳಿದವರೆಲ್ಲ ಸೇರಿ ಶೇ 20’ ಎಂದು ಕಳೆಯುವ ಲೆಕ್ಕ ಮಾಡಿಕೊಂಡವರು ಓದುಗರು. ನಾವು ಶಾಲೆಯಲ್ಲಿ ಕಲಿತ ಗಣಿತವೇ ನಮ್ಮನ್ನು ಹಳ್ಳಕ್ಕೆ ತಳ್ಳುತ್ತದೆ.

ಮಕ್ಕಳ ಹಾಲಿಗೆ ಬೆರೆಸುವ ಪುಡಿಗಳ ಕತೆ ಇದಕ್ಕಿಂತ ಉದ್ದದ್ದು. ಎತ್ತರ, ಬಲ, ಚುರುಕು ಎಂಬ ಮೂರು ಮಾತಿನ ಹಾರ್ಲಿಕ್ಸ್ ಜಾಹೀರಾತು ಬಾಂಗ್ಲಾದೇಶಕ್ಕೆಂದು ಮಾಡಿದ್ದು, ಬ್ರಿಟನ್ನಿನಲ್ಲಿ ಕಾಣುವ ನೇಪಾಳಿ ಚಾನೆಲೊಂದರಲ್ಲಿ ಪ್ರಸಾರವಾದಾಗ, 2008ರಲ್ಲಿ ಅಲ್ಲಿನ ಪ್ರಾಧಿಕಾರ ಪುರಾವೆ ಸಾಲದು ಎಂದು ಅದನ್ನು ತಡೆಯಿತು. ನಮ್ಮ ಮನೆಗಳಲ್ಲಿ ಅದೇ ಮಾತು ವರ್ಷಗಟ್ಟಲೆ ಕೇಳಿಸಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಲ್ಲಿ ಇಡಬೇಡಿ ಎಂದು ಆನ್‌ಲೈನ್ ಮಳಿಗೆಗಳಿಗೆ ಸೂಚಿಸಿತು. ಕಾರಣ ಸರಳ: 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹೆಲ್ತ್ ಡ್ರಿಂಕ್ ಎಂಬ ವಸ್ತುವೇ ಇಲ್ಲ! ಅದೇ ತಿಂಗಳು ಹಾರ್ಲಿಕ್ಸ್‌ನ ಕಂಪನಿ ತನ್ನ ವಿಭಾಗಕ್ಕೆ ಬೇರೆ ಹೆಸರಿಟ್ಟುಕೊಂಡಿತು. ಅಷ್ಟು ಕಾಲ ಡಬ್ಬಿಯ ಹಿಂಬದಿಯಲ್ಲಿ ಸಕ್ಕರೆಯ ಪ್ರಮಾಣ ಅಚ್ಚಾಗಿಯೇ ಇತ್ತು, ಓದುವವರಿರಲಿಲ್ಲ. ಮುಂಬದಿಯ ದೊಡ್ಡ ಅಕ್ಷರ ಅಮ್ಮಂದಿರಿಗೆ, ಹಿಂಬದಿಯ ಸಣ್ಣ ಅಕ್ಷರ ವಕೀಲರಿಗೆ.

‘ಶೇ 50ರವರೆಗೆ ರಿಯಾಯಿತಿ’ಯ ‘ವರೆಗೆ’ ಬಗ್ಗೆ ಚಿಕ್ಕಪೇಟೆಯ ಯಾವ ಗಿರಾಕಿಗೂ ಹೇಳಿಕೊಡಬೇಕಿಲ್ಲ. ಆದರೆ ಆ ಗಿರಾಕಿಯೇ ಮೊಬೈಲಿನಲ್ಲಿ ‘ಇನ್ನು ಎರಡೇ ರೂಮ್ ಬಾಕಿ’, ‘ಈ ದರ ಇನ್ನು 10 ನಿಮಿಷ ಮಾತ್ರ’ ಎಂದು ಕಂಡರೆ ಬೆವರುತ್ತಾನೆ. ವಿಮಾನದ ಟಿಕೆಟ್ ಕೊಳ್ಳುವಾಗ ವಿಮೆ ಬೇಡ ಎಂದರೆ ‘ಇಲ್ಲ, ನನ್ನ ಪ್ರಯಾಣ ಸುರಕ್ಷಿತವಾಗಿರುವುದು ನನಗೆ ಬೇಕಿಲ್ಲ’ ಎಂಬ ಅರ್ಥದ ಗುಂಡಿಯನ್ನು ಒತ್ತಿಸುತ್ತಾರೆ. ನಾಚಿಕೆಪಡಿಸಿ ಒಪ್ಪಿಸುವ ಈ ಉಪಾಯವೂ ಸೇರಿ 13 ಬಗೆಯ ಆನ್‌ಲೈನ್ ಮಸಲತ್ತುಗಳನ್ನು 2023ರ ನವೆಂಬರಿನಲ್ಲಿ ಗ್ರಾಹಕ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ ಎಂದು ಪಟ್ಟಿ ಮಾಡಿ ನಿಷೇಧಿಸಿದೆ.

ರಾಜಕಾರಣದ ಭಾಷಣಗಳನ್ನು ಬಿಡಿಸಲು ಹೊರಟರೆ ಈ ಪುರವಣಿ ಸಾಲದು. ಒಂದು ಮಾತ್ರ ಹೇಳುತ್ತೇನೆ, ಏಕೆಂದರೆ ಅದು ನಮ್ಮ ನೆಲದ್ದು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರ ಎದುರು ನಿಂತಾಗ ಹುಟ್ಟಿದ ‘ಏಕ್ ಶೇರ್ನಿ, ಸೌ ಲಂಗೂರ್, ಚಿಕ್ಮಗಳೂರ್ ಚಿಕ್ಮಗಳೂರ್’ ಎಂಬ ಹಿಂದಿ ಘೋಷಣೆ. ಕಾಫಿ ತೋಟದ ಕೂಲಿಯಾಗಲಿ, ಬಯಲುಸೀಮೆಯ ರೈತನಾಗಲಿ ಕೇಳಬೇಕಾದ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ತುರ್ತುಪರಿಸ್ಥಿತಿ ಮುಗಿದು ಎರಡು ವರ್ಷವೂ ಆಗಿರಲಿಲ್ಲ, ಅದರ ಸೊಲ್ಲೂ ಇಲ್ಲ. ಪ್ರಾಸ ಕೂಡಿತು, ಚಿತ್ರ ಮೂಡಿತು: ಒಂಟಿ ಹೆಣ್ಣನ್ನು ಗುಂಪು ಮುತ್ತಿದೆ. ಅವಳ ಪರ ನಿಲ್ಲಬೇಕು ಎಂಬ ಕೊನೆಯ ಸಾಲನ್ನು ಬರೆದವರು ಮತದಾರರು. ಎಪ್ಪತ್ತು ಸಾವಿರಕ್ಕೂ ಮೀರಿದ ಅಂತರದ ಆ ಗೆಲುವಿಗೆ ಘೋಷಣೆಯೊಂದೇ ಕಾರಣ ಎಂದರೆ ದೇವರಾಜ ಅರಸರ ಸಂಘಟನೆಗೆ ಅನ್ಯಾಯ ಮಾಡಿದಂತೆ. ಆದರೆ ನಲವತ್ತೈದು ವರ್ಷ ದಾಟಿದರೂ ಜನರ ನೆನಪಿನಲ್ಲಿ ಉಳಿದಿರುವುದು ಘೋಷಣೆಯೇ.

ಹಾಗಾದರೆ ಬಿಡಿಸುವುದು ಹೇಗೆ? ನಾನು ಅನುಸರಿಸುವ ದಾರಿ ತೀರಾ ಸಾದಾ. ಜಾಹೀರಾತು ಮುಗಿದ ಮೇಲೆ ಅದು ಹೇಳದೆ ಬಿಟ್ಟ ವಾಕ್ಯವನ್ನು ಗಟ್ಟಿಯಾಗಿ, ಕರ್ತೃ ಕರ್ಮ ಕ್ರಿಯಾಪದ ಸಮೇತ, ಬಾಯಿಬಿಟ್ಟು ಹೇಳಿಕೊಳ್ಳುವುದು. ‘ಈ ನಟ ಈ ಏಲಕ್ಕಿ ತಿನ್ನುವುದರಿಂದಲೇ ಯಶಸ್ವಿಯಾದ.’ ‘ಈ ಫ್ಲ್ಯಾಟ್ ಕೊಂಡರೆ ನನ್ನ ಮಕ್ಕಳು ನಾನು ಹೇಳಿದಂತೆ ಕೇಳುತ್ತಾರೆ.’ ‘ಈ ಟರ್ಮ್ ಇನ್ಶೂರೆನ್ಸ್ ಮಾಡಿಸದಿದ್ದರೆ ನಾನು ಹೆಂಡತಿಯನ್ನು ಪ್ರೀತಿಸುವುದಿಲ್ಲ ಎಂದರ್ಥ.’ ಹೆಚ್ಚಿನವು ಹೇಳಿದ ಕೂಡಲೇ ನಗೆ ತರಿಸುತ್ತವೆ. ಕೆಲವು ತರಿಸುವುದಿಲ್ಲ; ವಿಮೆಯ ಮಾತನ್ನೇ ತೆಗೆದುಕೊಂಡರೆ, ಪ್ರೀತಿಯ ವಿಷಯ ಪೊಳ್ಳಾದರೂ ಸಂಸಾರಸ್ಥನಿಗೆ ವಿಮೆ ಬೇಕೆಂಬುದು ನಿಜವೇ. ತಪ್ಪು ದಾರಿಯಲ್ಲಿ ಬಂದು ಸರಿಯಾದ ಮನೆ ಬಾಗಿಲು ತಟ್ಟುವ ಜಾಹೀರಾತುಗಳೂ ಇವೆ. ಪೋಲಿಯೊ ಹನಿ ಹಾಕಿಸಿ ಎಂದು ಅಮಿತಾಭ್ ಬಚ್ಚನ್ ಗದರಿದ್ದು ಬಾಡಿಗೆ ನಂಬಿಕೆಯೇ. ಅದರಿಂದ ಮಕ್ಕಳಿಗೆ ಒಳ್ಳೆಯದೇ ಆಯಿತು.

ವಾಚ್ಯಾರ್ಥದ ಆಚೆಗೂ ಕೈ ಚಾಚಬಲ್ಲೆ ಎಂದು ನ್ಯಾಯಾಲಯವೊಂದು ತೋರಿಸಿದ ಪ್ರಸಂಗ ಆಯುರ್ವೇದ ಔಷಧಿಗಳ ಕಂಪನಿ ಪತಂಜಲಿಯದು. ಮಧುಮೇಹ, ಕ್ಯಾನ್ಸರ್, ಬೊಜ್ಜು, ದೇಹದ ಎತ್ತರವೂ ಸೇರಿ 54 ಸ್ಥಿತಿಗಳಿಗೆ ಔಷಧಿಯಿದೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೊಂದು ನಿಷೇಧಿಸುತ್ತದೆ. ಪತಂಜಲಿಯ ಜಾಹೀರಾತುಗಳ ವಿರುದ್ಧ ಭಾರತೀಯ ವೈದ್ಯಕೀಯ ಸಂಘ 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಮಾತು ಕೊಟ್ಟೂ ಜಾಹೀರಾತು ನಿಲ್ಲದಿದ್ದಾಗ ನ್ಯಾಯಾಂಗ ನಿಂದನೆಯ ನೋಟಿಸ್ ಹೊರಟಿತು. 2024ರ ಏಪ್ರಿಲ್‌ನಲ್ಲಿ ಕಂಪನಿ 67 ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಿತು. ನ್ಯಾಯಮೂರ್ತಿಗಳಾದ ಹಿಮಾ ಕೊಹ್ಲಿ, ಅಹ್ಸಾನುದ್ದೀನ್ ಅಮಾನುಲ್ಲಾ ಕ್ಷಮಾಪಣೆಯ ಮಾತುಗಳ ತಂಟೆಗೆ ಹೋಗಲಿಲ್ಲ. ಅದರ ಅಳತೆ ಕೇಳಿದರು. ನೀವು ಕೊಡುತ್ತಿದ್ದ ಜಾಹೀರಾತಿನಷ್ಟೇ ದೊಡ್ಡದಾಗಿತ್ತೇ ಇದು? ಪತ್ರಿಕೆಯ ತುಣುಕುಗಳನ್ನು ಹಿಗ್ಗಿಸದೆ, ಇದ್ದ ಗಾತ್ರದಲ್ಲೇ ತಂದು ತೋರಿಸಿ ಎಂದರು. ಮರುದಿನದ ಪತ್ರಿಕೆಗಳಲ್ಲಿ ಕ್ಷಮಾಪಣೆ ದೊಡ್ಡದಾಗಿ ಬಂತು. ಸಣ್ಣ ಅಕ್ಷರದಲ್ಲಿ ಕ್ಷಮೆ ಕೇಳುವುದೂ ಒಂದು ಧ್ವನಿ ಎಂದು ಆ ಪೀಠಕ್ಕೆ ಗೊತ್ತಿತ್ತು.

ಆಗಸ್ಟ್ ಹೊತ್ತಿಗೆ ನಿಂದನೆ ಪ್ರಕರಣ ಮುಗಿಯಿತು. ಅಷ್ಟರಲ್ಲಿ ಬೇರೊಂದು ಕಡೆ ಸದ್ದಿಲ್ಲದೆ ಇನ್ನೊಂದು ಕೆಲಸ ನಡೆದಿತ್ತು. ಆಯುರ್ವೇದ, ಸಿದ್ಧ, ಯುನಾನಿ ಔಷಧಿಗಳ ಜಾಹೀರಾತಿಗೆ ಮೊದಲೇ ರಾಜ್ಯದ ಪರವಾನಗಿ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು ಎಂದು 2018ರಲ್ಲಿ ಸೇರಿಸಿದ್ದ 170ನೇ ನಿಯಮವನ್ನು ಆಯುಷ್ ಸಚಿವಾಲಯ 2024ರ ಜುಲೈನಲ್ಲಿ ತೆಗೆದುಹಾಕಿತು. ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಮೂಲ ಅರ್ಜಿಯೇ ವಿಲೇವಾರಿಯಾದಾಗ ಆ ತಡೆಯೂ ಹೋಯಿತು. ಅಲ್ಲಿಗೆ ಇಂಥ ಔಷಧಿಯ ಜಾಹೀರಾತು ಅಚ್ಚಾಗುವ ಮುನ್ನ ಅದನ್ನು ಓದಿ ನೋಡಬೇಕಾಗಿದ್ದ ಅಧಿಕಾರಿ ಇಲ್ಲವಾದ. ಅಚ್ಚಾದ ಮೇಲೆ ದೂರು ಕೊಡುವವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.